ಮಿಸ್ಸಿನ ಕೋಣೆಯ ಸಿಗ್ನಲ್

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಎಲ್ಲರೂ ಮೊದಲು ನನ್ನ ಕೈಯಲ್ಲಿರುವ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಾರೆ. ಏನು ಕೆಟ್ಟಿದೆ ಎಂದು ನೋಡುವುದು ಆಮೇಲೆ. ಅವರನ್ನು ದೂರಿ ಪ್ರಯೋಜನವಿಲ್ಲ. ಮುಚ್ಚಿದ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಳಗೆ ಏನಿದೆ ಎಂದು ಗೊತ್ತಾಗುವವರೆಗೆ ಊಟ ರುಚಿಸುವುದಿಲ್ಲ. ಗಡಿಯಾರ, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ್ದೇನೆ. ಪ್ರತಿ ಸಲವೂ ಒಂದು ಸ್ಕ್ರೂ ಮಿಕ್ಕಿದೆ. ಅದು ಕಂಪನಿಯವರು ಹೆಚ್ಚಿಗೆ ಹಾಕಿದ್ದು ಎಂಬುದು ನನ್ನ ವಾದ. ಈ ವಾದವನ್ನು ಈ ಮನೆಯಲ್ಲಿ ಒಬ್ಬರೂ ಒಪ್ಪಿಲ್ಲ.

ಆದರೆ ಆ ಬುಧವಾರ ಬೆಳಿಗ್ಗೆ ಮಾವನೇ ಸ್ಕ್ರೂಡ್ರೈವರ್ ತಂದು ನನ್ನ ಮುಂದೆ ಇಟ್ಟರು.

"ತಗೋಮ್ಮಾ ಇಂಜಿನಿಯರಮ್ಮ. ಸಂಜೆ ಐದರೊಳಗೆ ಈ ರೂಟರ್ ಸರಿಹೋಗ್ಬೇಕು. ಬಿಚ್ತೀಯೋ, ಒಡೀತೀಯೋ, ನಿನಗೇ ಬಿಟ್ಟಿದ್ದು."

ಮಾತು ತಮಾಷೆಯದೇ, ಆದರೆ ದನಿಯಲ್ಲಿ ತಮಾಷೆ ಇರಲಿಲ್ಲ. ಐದು ಗಂಟೆಗೆ ಮಿಸ್ಸಿನ ವ್ಯಾಯಾಮದ ಪಾಠವಿತ್ತು.

ಮಿಸ್ಸು ನನ್ನ ನಾದಿನಿ. ಪುಟಾಣಿ ಮಕ್ಕಳ ಶಾಲೆಯಲ್ಲಿ ಟೀಚರ್. ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಾವೂ ಅವಳನ್ನು ಮಿಸ್ಸು ಎಂದೇ ಕರೆಯುತ್ತೇವೆ, ಹೆತ್ತ ತಾಯಿಯೂ ಸೇರಿ. ಒಂದು ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆಯಿಂದ ತಾನಾಗಿಯೇ ಸೋರಿತು. ಮಧ್ಯಾಹ್ನದ ಹೊತ್ತಿಗೆ ಮುಖದ ಎಡಭಾಗ ಪೂರ್ತಿ ಜೋತುಬಿದ್ದಿತ್ತು. ಹುಬ್ಬು ಏಳುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಮುಖದ ನರಕ್ಕೆ ಊತ ಬಂದಿದೆ, ಜೀವಕ್ಕೇನೂ ಅಪಾಯವಿಲ್ಲ, ಔಷಧಿ ಜೊತೆ ಮುಖದ ವ್ಯಾಯಾಮ ಮಾಡಿದರೆ ಬಹುಪಾಲು ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು.

ಔಷಧಿ ಮುಗಿಯಿತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ದೂರದ ಊರಿನವರು. ಬುಧವಾರ ಸಂಜೆ ವಿಡಿಯೋದಲ್ಲಿ ಬರುತ್ತಾರೆ. ಮೊದಲ ಬುಧವಾರ ವಿಡಿಯೋ ತುಂಡು ತುಂಡಾಗಿ ನಿಂತಿತು. ಎರಡನೆಯ ಬುಧವಾರ ಶುರುವೇ ಆಗಲಿಲ್ಲ. ಡಾಕ್ಟರಮ್ಮ ನನ್ನ ಗಂಡನಿಗೆ ಫೋನ್ ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದರು: "ನೋಡಿ, ನರ ಈಗ ಎಚ್ಚರ ಆಗ್ತಿದೆ. ಈಗ ಏನು ಕಲಿಯುತ್ತೋ ಅದೇ ಉಳಿಯುತ್ತೆ. ತಪ್ಪು ಕಲಿತರೆ ನಗೋವಾಗ ಕಣ್ಣು ಮುಚ್ಕೊಳ್ಳುತ್ತೆ, ಆಮೇಲೆ ಬಿಡಿಸೋದು ಕಷ್ಟ. ಈ ವಾರವೂ ಆಗದಿದ್ರೆ ಈ ಸಮಯ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಕಾಯ್ತಿರೋರು ತುಂಬ ಜನ ಇದ್ದಾರೆ."

ಹಾಲಿನಲ್ಲಿ ಕೂತು ಮಾಡು, ಅಲ್ಲಿ ಚೆನ್ನಾಗಿ ಬರುತ್ತದೆ ಎಂದು ನಾವೆಲ್ಲ ಮಿಸ್ಸಿಗೆ ಹೇಳಿ ನೋಡಿದೆವು. ಅವಳು ಒಂದೇ ಮಾತು ಹೇಳಿದಳು. "ನನ್ನ ಕೋಣೇಲೇ ಮಾಡೋದು. ಬಾಗಿಲು ಹಾಕ್ಕೊಂಡು." ಆಮೇಲೆ ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯಿಂದ ಬಂದ ಮಾರನೆಯ ವಾರ ಶಾಲೆಗೆ ಹೋಗಿದ್ದಳು, ಅಲ್ಲಿ ಒಂದು ಮಗು ಕೈ ಹಿಡಿದು ಎಳೆದು, "ಮಿಸ್, ಯಾಕೆ ಅರ್ಧ ನಗ್ತೀರಾ?" ಎಂದು ಕೇಳಿತಂತೆ. ಅಂದೇ ರಜೆ ಹಾಕಿ ಬಂದವಳು ಮತ್ತೆ ಹೋಗಿಲ್ಲ. ಊಟಕ್ಕೂ ಹೊರಗೆ ಬರುವುದಿಲ್ಲ, ತಟ್ಟೆ ಒಳಗೇ ಹೋಗಬೇಕು.

ಅವಳು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು.  ಹೀಗಾಗಿ ಆ ರೂಟರನ್ನು ಕಂಡರೆ ನನಗೆ ಆಗಿಬರದ ಓರಗಿತ್ತಿಯನ್ನು ಕಂಡಷ್ಟು ಸಿಟ್ಟು ಬಂದಿತ್ತು.

ಮನೆಯ ವಿಷಯ ಸ್ವಲ್ಪ ಹೇಳಬೇಕು. ಮಾವ ಕನ್ನಡಿ ಮಾಡುವವರು. ಕೆಳಗೆ ಕಾರ್ಖಾನೆ, ಮೇಲೆ ಮನೆ. ಗಾಜಿನ ಹಾಳೆಯನ್ನು ತೊಳೆದು, ಬೆನ್ನಿಗೆ ಬೆಳ್ಳಿಯ ನೀರು ಹರಿಸಿ, ಪದರ ಕೂತ ಮೇಲೆ ಬಣ್ಣ ಬಳಿದು ಒಣಗಿಸುತ್ತಾರೆ. ನನ್ನ ಗಂಡ ಈಗೀಗ ಅಂಚಿನಲ್ಲಿ ದೀಪ ಹೊತ್ತುವ ಕನ್ನಡಿಗಳನ್ನು ಮಾಡಲು ಶುರುಮಾಡಿದ್ದಾರೆ. ಮಾವನಿಗೆ ಒಂದು ಹಟವಿದೆ: ಕೆಟ್ಟ ಕನ್ನಡಿಯನ್ನು ಒಡೆಯುವುದಿಲ್ಲ, ಎಸೆಯುವುದಿಲ್ಲ, ಮಾರುವುದೂ ಇಲ್ಲ. ಎಲ್ಲೋ ಒಂದು ಗುಳ್ಳೆ, ಇನ್ನೆಲ್ಲೋ ಒಂದು ಅಲೆ, ಮೂಲೆಯಲ್ಲಿ ಬೆಳ್ಳಿ ಹತ್ತದ ಒಂದು ಚುಕ್ಕೆ ಇದ್ದರೆ ಅದು ಮೇಲೆ ಮನೆಗೆ ಬರುತ್ತದೆ. "ಗಿರಾಕಿ ಬೇಡ ಅಂದ್ರೆ ಏನಾಯ್ತು? ನಮಗೆ ಬೇಕು," ಎನ್ನುತ್ತಾರೆ. ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ಮೆಟ್ಟಿಲ ತಿರುವಿನಲ್ಲಿ, ಪ್ರತಿ ಬಾಗಿಲಿನ ಹೊರಮೈಯಲ್ಲಿ ಕನ್ನಡಿ. ಮದುವೆಯಾಗಿ ಬಂದ ಹೊಸದರಲ್ಲಿ ಎಷ್ಟೋ ಸಲ ನನಗೆ ನಾನೇ ಎದುರಾಗಿ ದಾರಿ ಬಿಟ್ಟಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ಕನ್ನಡಿ ಇದ್ದದ್ದು ಮಿಸ್ಸಿನ ಕೋಣೆಯಲ್ಲಿ. ಅವಳು ಆಸ್ಪತ್ರೆಯಲ್ಲಿದ್ದಾಗ ಮಾವ, ನನ್ನ ಗಂಡ ಸೇರಿ ಅವನ್ನೆಲ್ಲ ಇಳಿಸಿ ಹೊರಗೆ ತಂದರು. ಹುಡುಗಿ ಬಂದ ಕೂಡಲೇ ತನ್ನ ಮುಖ ನೋಡಿಕೊಂಡು ನೊಂದುಕೊಳ್ಳಬಾರದು ಎಂದು ಅತ್ತೆಯ ಆಸೆ. ಓಣಿಯಲ್ಲಿ, ಅಂದರೆ ಹಾಲಿನಿಂದ ಕೋಣೆಗಳಿಗೆ ಹೋಗುವ ಇಕ್ಕಟ್ಟು ದಾರಿಯಲ್ಲಿ, ಗೋಡೆಗೆ ಸಾಲಾಗಿ ಒರಗಿಸಿ ಹಳೆಯ ಹೊದಿಕೆಗಳನ್ನು ಹೊದಿಸಿದರು. ಉಳಿದ ಕನ್ನಡಿಗಳಿಗೂ ಅತ್ತೆ ಬಟ್ಟೆ ಕಟ್ಟಿದರು. ಮಿಸ್ಸು ಬಂದು ಖಾಲಿ ಗೋಡೆಗಳನ್ನು ನೋಡಿದಳು, ಏನೂ ಹೇಳಲಿಲ್ಲ. ಸದ್ಯ, ನೊಂದುಕೊಳ್ಳಲಿಲ್ಲವಲ್ಲ ಎಂದು ನಾವು ನಿಟ್ಟುಸಿರು ಬಿಟ್ಟೆವು. ಅಂದಿನಿಂದ ಮಾವ ಅವಳ ಜೊತೆ ಮಾತನಾಡುವಾಗ ಬಾಗಿಲ ಚೌಕಟ್ಟನ್ನು ನೋಡಿಕೊಂಡೇ ಮಾತನಾಡುತ್ತಾರೆ.

ಈಗ ರೂಟರಿಗೆ ಬರೋಣ. ಅದು ಹಾಲಿನ ಮೂಲೆಯಲ್ಲಿ, ಕಿಟಕಿಯ ಪಕ್ಕ ಒಂದು ಹಲಗೆಯ ಮೇಲೆ ಕೂತಿದೆ. ಬೀದಿಯಿಂದ ಬರುವ ತಂತಿ ಅಲ್ಲಿಗೇ ಮುಗಿಯುತ್ತದೆ, ಇನ್ನೊಂದು ಗೇಣು ಎಳೆದರೂ ಬರುವುದಿಲ್ಲ. ಫೋನಿನ ಇಂಟರ್ನೆಟ್ ನಂಬುವ ಹಾಗಿಲ್ಲ, ಈ ಮನೆಯಲ್ಲಿ ಅದು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಮಾತ್ರ ಸಿಗುತ್ತದೆ. ರೂಟರಿಗೆ ಎರಡು ಕಡ್ಡಿಗಳು, ಅಂದರೆ ಆಂಟೆನಾಗಳು. ಅವುಗಳ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಿದ್ಧಾಂತ.

"ಎರಡೂ ನೆಟ್ಟಗೆ ಇರ್ಬೇಕು," ಇದು ನನ್ನ ಗಂಡ.

"ಒಂದು ಆ ಕಡೆ, ಒಂದು ಈ ಕಡೆ ಬಾಗಿರ್ಬೇಕು. ದನದ ಕೊಂಬು ನೋಡಿಲ್ವಾ?" ಇದು ಅತ್ತೆ.

ಮಾವ ಪ್ರತಿದಿನ ಬೆಳಿಗ್ಗೆ ಎದ್ದು ಎಡಗಡೆಯ ಕಡ್ಡಿಯನ್ನು ಮಿಸ್ಸಿನ ಕೋಣೆಯ ಕಡೆ ತಿರುಗಿಸುತ್ತಿದ್ದರು. ಗಂಡ ಬಂದು ನೆಟ್ಟಗೆ ಮಾಡುತ್ತಿದ್ದರು. ಮಧ್ಯಾಹ್ನ ಒರೆಸುವ ನೆಪದಲ್ಲಿ ಅತ್ತೆ ಬಗ್ಗಿಸುತ್ತಿದ್ದರು. ಪಾಪ, ಮೂವರ ನಡುವೆ ಸಿಕ್ಕ ಆ ಕಡ್ಡಿ ಗಿರಗಿರ ತಿರುಗುವ ಹಾಗಾಗಿತ್ತು.

ನಾನು ಪ್ಲಗ್ ತೆಗೆದು ರೂಟರನ್ನು ಊಟದ ಮೇಜಿನ ಮೇಲೆ ಬೋರಲಾಗಿ ಮಲಗಿಸಿದೆ. ರಬ್ಬರ್ ಕಾಲುಗಳ ಕೆಳಗೆ ಸ್ಕ್ರೂ ಅಡಗಿಸಿಟ್ಟಿದ್ದರು. ಹಾಗೆ ಅಡಗಿಸಿಟ್ಟರೆ ನನಗೆ ಹುರುಪು ಇನ್ನೂ ಹೆಚ್ಚು. ಸ್ಕ್ರೂ ತೆಗೆದು, ಅಂಚಿನ ಸೀಳಿನಲ್ಲಿ ಹಳೆಯ ಕಾರ್ಡೊಂದನ್ನು ತೂರಿಸಿ ಸರಿಸುತ್ತ ಹೋದೆ. ಟಪ್ ಟಪ್ ಎಂದು ಕೊಂಡಿಗಳು ಬಿಟ್ಟುಕೊಂಡವು. ಮಾವ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರು. ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಬಗ್ಗಿದರು. ಗಂಡ ನನ್ನ ಬೆನ್ನ ಹಿಂದೆ ಬಂದು ನಿಂತರು.

ಒಳಗೆ ಒಂದು ಹಸಿರು ಹಲಗೆ, ಕೆಲವು ಕಪ್ಪು ಚೌಕಗಳು, ಉಗುರಿನಷ್ಟು ತಗಡಿನ ಮುಚ್ಚಳ. ಅಷ್ಟೇ.

"ಇಷ್ಟೇನಾ?" ಎಂದರು ಅತ್ತೆ, ಮೋಸ ಹೋದವರ ಹಾಗೆ. "ಇಡೀ ಪ್ರಪಂಚ ಇದ್ರಲ್ಲಿ ಬರುತ್ತೆ ಅಂತೀರಿ!"

"ಪ್ರಪಂಚ ಹೊರಗಡೆಯೇ ಇರುತ್ತೆ ಅತ್ತೆ. ಇದು ಬಾಗಿಲು ಕಾಯೋದು ಮಾತ್ರ."

ಮಾವ ಬೆರಳು ತೋರಿಸಿದರು. ಎಡಗಡೆಯ ಕಡ್ಡಿಯ ಬುಡದಿಂದ ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ಒಂದು ತಂತಿ ಹಲಗೆಗೆ ಬರಬೇಕಿತ್ತು. ಬಂದಿರಲಿಲ್ಲ. ತಿರುಚಿ ತಿರುಚಿ ಬೆಸುಗೆಯ ಹತ್ತಿರ ತುಂಡಾಗಿ, ತುದಿ ಗಾಳಿಯಲ್ಲಿ ನಿಂತಿತ್ತು. ಸಿಕ್ಕಿದ ಕಳ್ಳ! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಮೂರು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡ್ಡಿ ತಿರುಗಿಸಿದವರು ಯಾರು ಎಂಬ ಮಾತು ಎತ್ತಲು ಯಾರಿಗೂ ಧೈರ್ಯವಿರಲಿಲ್ಲ.

ಗಂಡ ಕೆಳಗಿನಿಂದ ದೀಪದ ಕನ್ನಡಿಗೆ ಬಳಸುವ ಬೆಸುಗೆ ಕಡ್ಡಿ ತಂದರು. ಅವರ ಕೈ ದೊಡ್ಡದು, ಆದರೆ ನಡುಗುವುದಿಲ್ಲ. ತಂತಿಯ ತುದಿ ಸುಲಿದು, ಹಳೆಯ ಬೆಸುಗೆ ಕರಗಿಸಿ, ಉಸಿರು ಬಿಗಿಹಿಡಿದು ಒಂದು ಹನಿ ಇಟ್ಟರು. ಸಣ್ಣಗೆ ಹೊಗೆ ಎದ್ದಿತು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು (ಈ ಸಲ ಒಂದೂ ಮಿಗಲಿಲ್ಲ, ಸಾಕ್ಷಿಗಳಿದ್ದಾರೆ), ಪ್ಲಗ್ ಚುಚ್ಚಿದೆವು. ದೀಪಗಳು ಒಂದೊಂದಾಗಿ ಹಸಿರಾದವು. ಹಾಲಿನಲ್ಲಿ ಫೋನಿನ ಮೇಲೆ ಗೆರೆಗಳು ಪೂರ್ತಿ ತುಂಬಿದವು. ಅಡುಗೆಮನೆಯಲ್ಲಿ ಪೂರ್ತಿ. ಅತ್ತೆಯ ಫೋನಿನಲ್ಲಿ ಯಾರೋ ಕಳಿಸಿದ ಶುಭೋದಯದ ಚಿತ್ರಗಳೆಲ್ಲ ಒಟ್ಟಿಗೆ ಬಂದು ಬಿದ್ದವು.

ಗೆದ್ದೆ ಎಂದುಕೊಂಡು ಮಿಸ್ಸಿನ ಬಾಗಿಲ ಬಳಿ ಹೋಗಿ ಕೂಗಿದೆ. "ಮಿಸ್ಸೂ, ಈಗ ನೋಡು!"

ಒಳಗಿನಿಂದ ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. "ಇಲ್ಲ ಅತ್ತಿಗೆ. ಒಂದು ಗೆರೆ ಬರುತ್ತೆ, ಹೋಗುತ್ತೆ. ಹೋಗ್ಲಿ ಬಿಡಿ. ಅವರ ಸಮಯ ಬೇರೆ ಯಾರಿಗಾದ್ರೂ ಆಗ್ಲಿ."

ಆ 'ಹೋಗ್ಲಿ ಬಿಡಿ' ನನಗೆ ಸಹಿಸಲಾಗಲಿಲ್ಲ. ಅತ್ತು ರಂಪ ಮಾಡಿದ್ದರೆ ಎಷ್ಟೋ ವಾಸಿ ಎನಿಸಿತು.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದೆವು. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ರೂಟರನ್ನು ಆರಿಸಿ ಹಾಕಿ ಎಂದಳು. ಆರಿಸಿ ಹಾಕಿದೆವು. ನಿಮ್ಮ ಗೋಡೆ ದಪ್ಪ ಇರಬಹುದು ಎಂದಳು. "ಹೋದ ತಿಂಗಳೂ ಇಷ್ಟೇ ದಪ್ಪ ಇತ್ತು," ಎಂದು ಗಂಡ ರೇಗಿದರು. ಮುಂದಿನ ವಾರ ಒಬ್ಬರನ್ನು ಕಳಿಸುತ್ತೇವೆ ಎಂದು ಫೋನ್ ಇಟ್ಟಳು.

ಆದರೆ ನನ್ನ ತಲೆಯಲ್ಲಿ ಗಂಡನ ಮಾತು ಹುಳ ಬಿಟ್ಟಿತು. ಹೋದ ತಿಂಗಳೂ ಗೋಡೆ ಇಷ್ಟೇ ದಪ್ಪ. ಹೋದ ತಿಂಗಳು ಮಿಸ್ಸು ಇದೇ ಕೋಣೆಯಲ್ಲಿ, ಇದೇ ಬಾಗಿಲು ಹಾಕಿಕೊಂಡು ಮಕ್ಕಳ ಹಾಡಿನ ವಿಡಿಯೋಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದಳು. ಹಾಗಾದರೆ ಬದಲಾದದ್ದು ಏನು?

ಮಧ್ಯಾಹ್ನ ತಡವಾಗಿ ಎಲ್ಲರೂ ಊಟ ಮಾಡುವಾಗ ನಾನು ಫೋನ್ ಹಿಡಿದು ಮನೆಯೆಲ್ಲ ಸುತ್ತಿದೆ. ಹೆಜ್ಜೆಗೊಮ್ಮೆ ನಿಂತು ಗೆರೆ ನೋಡುವುದು, ಮತ್ತೆ ಹೆಜ್ಜೆ ಇಡುವುದು. ನೋಡಿದವರು ನನಗೂ ಯಾವುದೋ ನರ ಊದಿದೆ ಎಂದುಕೊಳ್ಳಬೇಕು. ಸಿಕ್ಕ ಲೆಕ್ಕ ವಿಚಿತ್ರವಾಗಿತ್ತು. ಓಣಿಯಲ್ಲಿ ಪೂರ್ತಿ. ಓಣಿಯ ಕೊನೆಯ ಬಚ್ಚಲಿನಲ್ಲಿ ಮೊದಲು ಏನೂ ಬರುತ್ತಿರಲಿಲ್ಲ, ಈಗ ಅಲ್ಲೂ ಭರ್ತಿ. ಇಷ್ಟು ವರ್ಷ ಬಾರದ ಜಾಗಕ್ಕೆ ಬಂದಿದೆ, ಬರುತ್ತಿದ್ದ ಜಾಗಕ್ಕೆ ಬರುತ್ತಿಲ್ಲ. ಎರಡೂ ಕೋಣೆಗಳು ರೂಟರಿನಿಂದ ಹೆಚ್ಚುಕಡಿಮೆ ಒಂದೇ ದೂರ.

"ಬಚ್ಚಲಲ್ಲಿ ನಿಂತು ಏನು ಯೋಚನೆ?" ಅತ್ತೆ ಕೂಗಿದರು. "ಅನ್ನ ಆರ್ತಿದೆ."

"ಬಂದೆ ಅತ್ತೆ. ಮಿಸ್ಸಿಗೆ ತಟ್ಟೆ ಕೊಡಿ, ಕೊಟ್ಟು ಬರ್ತೀನಿ."

ತಟ್ಟೆ ಹಿಡಿದು ಬಾಗಿಲು ತಟ್ಟಿದೆ. ಮಿಸ್ಸು ಚಿಲಕ ತೆಗೆದು, ಎಂದಿನಂತೆ ಮುಖ ಆ ಕಡೆ ಮಾಡಿ, ಬಾಗಿಲು ಅಗಲಕ್ಕೆ ತೆರೆದಳು. ತೆರೆದದ್ದೇ ತಡ, ಹಾಸಿಗೆಯ ಮೇಲಿದ್ದ ಅವಳ ಫೋನು ಟಣ್ ಟಣ್ ಟಣ್ ಎಂದು ಬಡಿದುಕೊಂಡಿತು. ಸಂದೇಶಗಳ ಮೇಲೆ ಸಂದೇಶ.

ನಾನು ಬಾಗಿಲು ಹಾಕಿದೆ. ಸದ್ದು ನಿಂತಿತು. ತೆರೆದೆ. ಟಣ್.

"ಏನ್ ಅತ್ತಿಗೆ ಆಟ?"

"ಒಂದ್ ನಿಮಿಷ ಇರು."

ಮತ್ತೆ ಹಾಕಿದೆ. ಈಗ ನನ್ನ ಮೂಗಿನ ನೇರಕ್ಕೆ ಬಾಗಿಲ ಹೊರಮೈ ಇತ್ತು. ಅದರ ಮೇಲೆ ಮಾವ ಎಂದೋ ಜಡಿದ ಆಳೆತ್ತರದ ಕನ್ನಡಿ, ಅದಕ್ಕೆ ಅತ್ತೆ ಕಟ್ಟಿದ ಬಟ್ಟೆ. ಪಕ್ಕಕ್ಕೆ ನೋಡಿದೆ. ಬಾಗಿಲಿನಿಂದ ಹಿಡಿದು ಓಣಿಯ ಮೂಲೆಯವರೆಗೆ ಮಿಸ್ಸಿನ ಕೋಣೆಯ ಗೋಡೆಗೆ ಒರಗಿ ನಿಂತ ಕನ್ನಡಿಗಳು, ಒಂದರ ಮೇಲೊಂದು, ಹೊದಿಕೆ ಹೊದ್ದುಕೊಂಡು.

 ಹೊದಿಕೆ ಸರಿಸಿ, ಎರಡು ಕನ್ನಡಿಗಳ ನಡುವಿನ ಸಂದಿಗೆ ನನ್ನ ಫೋನನ್ನು ಇಳಿಸಿದೆ. ಓಡಿ ಹೋಗಿ ಊಟಕ್ಕೆ ಕೂತಿದ್ದ ಗಂಡನಿಗೆ, "ನನಗೆ ವಿಡಿಯೋ ಕಾಲ್ ಮಾಡಿ," ಎಂದೆ.

"ಎದುರಿಗೇ ನಿಂತಿದ್ದೀಯಲ್ಲ!"

"ಮಾಡಿ ಅಂದ್ರೆ ಮಾಡಿ."

ಅನ್ನದ ಕೈಯನ್ನು ಮೇಲೆತ್ತಿ ಎಡಗೈಯಲ್ಲಿ ಮಾಡಿದರು. ರಿಂಗ್ ಆಗಲಿಲ್ಲ. ನಾನು ಹೋಗಿ ಫೋನನ್ನು ಸಂದಿಯಿಂದ ಮೇಲಕ್ಕೆತ್ತಿದೆ. ರಿಂಗ್ ಆಯಿತು. ಮತ್ತೆ ಇಳಿಸಿದೆ. ಕಡಿದುಹೋಯಿತು. ಮಾವ ಎಂಜಲು ಕೈಯಲ್ಲೇ ಎದ್ದು ಬಂದರು.

"ಮಾವ, ರೂಟರ್ ಸರಿಯಾಗಿದೆ. ಅದು ಕಳಿಸ್ತಿರೋದನ್ನ ನಿಮ್ಮ ಬೆಳ್ಳಿ ವಾಪಸ್ ಕಳಿಸ್ತಿದೆ. ಬೆಳಕನ್ನ ಹೇಗೆ ತಿರುಗಿಸುತ್ತೋ ಹಾಗೆ ಇದನ್ನೂ ತಿರುಗಿಸುತ್ತೆ. ಅದಕ್ಕೇ ಬಚ್ಚಲಲ್ಲಿ ಭರ್ತಿ ಬರ್ತಿದೆ."

ಮಾವ ಬಹಳ ಹೊತ್ತು ಆ ಸಾಲನ್ನು ನೋಡಿದರು. ಇಷ್ಟು ವರ್ಷ ಕನ್ನಡಿ ಮಾಡಿದವರಿಗೆ ಕನ್ನಡಿ ಹೊಸ ಗುಟ್ಟೊಂದನ್ನು ಬಿಟ್ಟುಕೊಟ್ಟಿತ್ತು. ಮುಖ ಅರಳಿತು. "ನನ್ನ ಪದರ ಅಷ್ಟು ಗಟ್ಟಿನಾ?" ಎಂದು ಕೆಳಗೆ ಹೋಗಿ ಪೇಟೆಯಿಂದ ತಂದಿದ್ದ ಒಂದು ಅಗ್ಗದ ಕನ್ನಡಿಯ ಚೂರನ್ನು ಹೊತ್ತುಕೊಂಡು ಬಂದರು. ಅದರ ಜೊತೆಗೂ ಫೋನನ್ನು ಸಂದಿಯಲ್ಲಿಟ್ಟು ನೋಡಿದೆವು. ಅದೂ ಅಷ್ಟೇ ಚೆನ್ನಾಗಿ ತಡೆಯಿತು. ಮಾವನ ಮೋರೆ ಸ್ವಲ್ಪ ಪೆಚ್ಚಾಯಿತು. ಗಂಡ ಮೀಸೆಯೊಳಗೇ ನಕ್ಕರು. ಒಂದು ಗಳಿಗೆ ನಾವೆಲ್ಲ ಯಾಕಾಗಿ ಇದನ್ನು ಮಾಡುತ್ತಿದ್ದೇವೆ ಎಂಬುದನ್ನೇ ಮರೆತು ಸಣ್ಣ ಮಕ್ಕಳಂತೆ ಫೋನನ್ನು ಇಲ್ಲಿ ತೂರಿಸಿ ಅಲ್ಲಿ ತೂರಿಸಿ ಆಡಿದೆವು.

ಅತ್ತೆಯೇ ಎಚ್ಚರಿಸಿದರು. "ಆಯ್ತಲ್ಲ, ತೆಗೀರಿ ಅವನ್ನ. ಗಂಟೆ ನೋಡಿ."

ತೆಗೆದು ಎಲ್ಲಿಡುವುದು? ಕೆಳಗೆ ಕಾರ್ಖಾನೆಯಲ್ಲಿ ಯಾವುದೋ ಹೋಟೆಲಿಗೆ ಹೋಗಬೇಕಾದ ಕನ್ನಡಿಗಳು ಒಣಗುತ್ತಿದ್ದವು, ಕಾಲಿಡಲೂ ಜಾಗವಿರಲಿಲ್ಲ. ಹಾಲಿನಲ್ಲಿಟ್ಟರೆ ರೂಟರಿನ ಮುಂದೆಯೇ ಗೋಡೆ ಕಟ್ಟಿದಂತೆ. ಅಟ್ಟಕ್ಕೆ ಅಷ್ಟು ದೊಡ್ಡವು ಹತ್ತುವುದಿಲ್ಲ. ನಾವು ಪಿಸುದನಿಯಲ್ಲಿ ಜಗಳವಾಡುತ್ತಿದ್ದೆವು. ಮಿಸ್ಸಿಗೆ ಕೇಳಿಸಬಾರದಲ್ಲ. ಕನ್ನಡಿ ಎಂಬ ಮಾತನ್ನೇ ಅವಳು ಬಂದ ದಿನದಿಂದ ಯಾರೂ ಎತ್ತಿರಲಿಲ್ಲ.

ಬಾಗಿಲು ತೆರೆಯಿತು. ಮಿಸ್ಸು ಹೊಸ್ತಿಲ ಮೇಲೆ ನಿಂತಿದ್ದಳು. ಮುಖ ಆ ಕಡೆ ತಿರುಗಿಸಿರಲಿಲ್ಲ.

"ಏನು ನಡೀತಿದೆ ಇಲ್ಲಿ? ಆಗಿನಿಂದ ಡಬ ಡಬ ಅಂತ."

ಮೂರು ಜನರೂ ನನ್ನನ್ನು ನೋಡಿದರು. ಇಂತಹ ಹೊತ್ತಿನಲ್ಲಿ ಮಾತ್ರ ನಾನು ಈ ಮನೆಯ ಹಿರಿಯಳಾಗುತ್ತೇನೆ. ಬೇರೆ ದಾರಿಯಿರಲಿಲ್ಲ, ಹೇಳಿದೆ. "ನಿನ್ನ ಕೋಣೆಯಿಂದ ತೆಗೆದ ಕನ್ನಡಿಗಳೇ ಸಿಗ್ನಲ್ ತಡೀತಿವೆ ಮಿಸ್ಸು. ನೀನು ನೊಂದ್ಕೋಬಾರದು ಅಂತ ಇಲ್ಲಿ ತಂದಿಟ್ವಿ. ಅದೇ ಅಡ್ಡ ಬಂತು."

ಅವಳು ಆ ಸಾಲನ್ನು ನೋಡಿದಳು, ಹೊದಿಕೆಯನ್ನು ನೋಡಿದಳು.

"ನಾನು ನೊಂದ್ಕೋಬಾರದು ಅಂತಾನಾ?"

"ಮತ್ತೆ ಇನ್ಯಾಕೆ?" ಎಂದರು ಅತ್ತೆ.

ಮಿಸ್ಸು ಬಾಗಿಲಿನ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಕೋಣೆ ಕಾಣುತ್ತಿತ್ತು. ಇಷ್ಟು ದಿನ ನಾನು ಬಾಗಿಲಲ್ಲೇ ತಟ್ಟೆ ಕೊಟ್ಟು ಬರುತ್ತಿದ್ದವಳು, ಒಳಗೆ ಕಣ್ಣು ಹಾಯಿಸಿರಲಿಲ್ಲ. ಓದುವ ಮೇಜಿನ ಮೇಲೆ ಅಡುಗೆಮನೆಯ ದೊಡ್ಡ ಸ್ಟೀಲ್ ತಟ್ಟೆಯೊಂದು ಪುಸ್ತಕಗಳಿಗೆ ಒರಗಿ ನಿಂತಿತ್ತು. ಅದರ ಮಧ್ಯಭಾಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಎದುರಿಗೆ ಕುರ್ಚಿ.

"ಅದೇನು?" ಎಂದೆ.

"ವ್ಯಾಯಾಮಕ್ಕೆ." ಮಿಸ್ಸು ನಿಧಾನವಾಗಿ ಮಾತಾಡಿದಳು, ತುಟಿ ಒಂದು ಕಡೆಗೇ ಎಳೆಯುವುದರಿಂದ ಅವಳು ಈಗ ಹಾಗೇ ಮಾತಾಡುವುದು. "ಆಸ್ಪತ್ರೆಯಲ್ಲೇ ಹೇಳಿದ್ರು, ಕನ್ನಡಿ ಮುಂದೆ ಕೂತೇ ಮಾಡಬೇಕು, ಯಾವ ಕಡೆ ಎಷ್ಟು ಏಳುತ್ತೆ ಅಂತ ನೋಡ್ಕೊಂಡು. ಫೋನಲ್ಲಿ ನೋಡಿದ್ರೆ ಚಿಕ್ಕದಾಗಿ ಕಾಣುತ್ತೆ. ತಟ್ಟೇಲಿ ಸ್ವಲ್ಪ ಪರವಾಗಿಲ್ಲ."

"ಅಯ್ಯೋ, ಒಂದು ಮಾತು ಕೇಳಬಾರದಾ? ಕನ್ನಡಿ ಮನೆಯವಳು ತಟ್ಟೇಲಿ ಮುಖ ನೋಡ್ಕೊಳ್ಳೋದಾ?" ಎಂದರು ಅತ್ತೆ.

"ಹೇಗಮ್ಮಾ ಕೇಳ್ಲಿ?" ಅವಳು ಮಾವನ ಕಡೆ ತಿರುಗಿದಳು. "ಅಪ್ಪ ಕೆಟ್ಟಿರೋ ಒಂದು ಕನ್ನಡೀನೂ ಎಸೆದವರಲ್ಲ. ಗುಳ್ಳೆ ಇದ್ರೂ ಬೇಕು, ಡೊಂಕು ಕಂಡ್ರೂ ಬೇಕು. ಆಸ್ಪತ್ರೆಯಿಂದ ಬಂದು ನೋಡ್ತೀನಿ, ಗೋಡೆ ಮೇಲೆ ಒಂದೂ ಇಲ್ಲ. ಅಪ್ಪನಿಗೇ ನನ್ನ ಮುಖ ಎದುರಿಗೊಂದ್ಸಲ, ಕನ್ನಡೀಲೊಂದ್ಸಲ ನೋಡೋಕಾಗ್ತಿಲ್ಲ ಅಂದ್ಕೊಂಡೆ. ನೀವು ಮಾತಾಡೋವಾಗ ನನ್ನ ನೋಡೋದೂ ಇಲ್ಲ."

 ಮಾವನ ಬಲಗೈಗೆ ಅನ್ನದ ಅಗುಳು ಅಂಟಿ ಒಣಗಿತ್ತು. ಅವರು ಅದನ್ನೇ ನೋಡುತ್ತ ನಿಂತರು. ನನಗಂತೂ ಅವರಿಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಎನಿಸಿತು. ಒಂದು ರೂಟರನ್ನು ಬಿಚ್ಚಿ ನೋಡಲು ಇಷ್ಟು ಜನ ಕೂತೆವು, ಇವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಲು ನಮಗೆ ಯಾರಿಗೂ ಬುದ್ಧಿ ಬರಲಿಲ್ಲವಲ್ಲ!

ಕೊನೆಗೆ ಮಿಸ್ಸೇ ಹೇಳಿದಳು. "ಇಡೋಕೆ ಜಾಗ ಇಲ್ಲ ಅಂತ ತಾನೇ ಜಗಳ? ಒಳಗೆ ತನ್ನಿ. ಅವು ಇದ್ದಿದ್ದೇ ಇಲ್ಲಿ."

ಆಮೇಲೆ ನಡೆದದ್ದು ಬರೀ ಕೆಲಸ. ಗಂಡ ಒಂದು ತುದಿ, ನಾನೊಂದು ತುದಿ ಹಿಡಿದು ಒಂದೊಂದೇ ಒಳಗೆ ಸಾಗಿಸಿದೆವು. ಕಿಟಕಿಯ ಕಡೆಯ ಗೋಡೆಗಳಲ್ಲಿ ಮೊಳೆಗಳು ಹಾಗೇ ಇದ್ದವು; ಅಲ್ಲಿ ನೇತುಹಾಕಿದರೆ ಅವು ರೂಟರಿಗೆ ಅಡ್ಡ ಬರುವುದಿಲ್ಲ. ಅತ್ತೆ ಬಾಗಿಲಿನ ಬಟ್ಟೆ ಬಿಚ್ಚಿದರು. ಬಟ್ಟೆಯಿಂದ ಸಿಗ್ನಲ್ಲಿಗೇನೂ ಆಗುವುದಿಲ್ಲ ಎಂದರೂ ಕೇಳಲಿಲ್ಲ. ಓಣಿಯ ಗೋಡೆ ಬರಿದಾಗುತ್ತ ಬಂದ ಹಾಗೆ ಮಿಸ್ಸಿನ ಫೋನಿನಲ್ಲಿ ಗೆರೆಗಳು ಒಂದೊಂದಾಗಿ ಏರಿದವು. ಬಾಗಿಲು ಹಾಕಿ ನೋಡಿದೆವು, ಇಳಿಯಲಿಲ್ಲ.

ಓದುವ ಮೇಜಿನ ಎದುರಿನ ಗೋಡೆಯಲ್ಲಿ ಮಾತ್ರ ಮೊಳೆ ಇರಲಿಲ್ಲ. ಹೊಡೆಯಲು ಹೊತ್ತಿರಲಿಲ್ಲ, ಐದು ಗಂಟೆ ಬಂದೇಬಿಟ್ಟಿತ್ತು. ಮಾವ ಕೈ ತೊಳೆದುಕೊಂಡು ಬಂದು ಮಧ್ಯಮ ಅಳತೆಯ ಒಂದು ಕನ್ನಡಿಯನ್ನು ಎತ್ತಿಕೊಂಡರು. "ನಾನು ಹಿಡ್ಕೋತೀನಿ," ಎಂದು ಮೇಜಿನ ಆಚೆ ನಿಂತು ಎದೆಯ ಮುಂದೆ ಎತ್ತಿ ಹಿಡಿದರು. ಅವರ ಮುಖ ಅದರ ಹಿಂದೆ ಮರೆಯಾಯಿತು. ಎರಡು ಬದಿಗೂ ಬೆರಳುಗಳು ಮಾತ್ರ ಕಾಣುತ್ತಿದ್ದವು.

ಫೋನ್ ರಿಂಗಾಯಿತು. ಡಾಕ್ಟರಮ್ಮ ಬಂದರು, ಚಿತ್ರ ಒಂದು ಚೂರೂ ಕದಲದೆ ನಿಂತಿತು. ನಾವು ಹೊರಗೆ ಹೋಗಲು ಎದ್ದೆವು. ಮಿಸ್ಸು ಕೈ ಸನ್ನೆ ಮಾಡಿ, ಇಲ್ಲೇ ಇರಿ ಎಂದಳು.

"ಕನ್ನಡಿ ಇದೆಯಾ ಎದುರಿಗೆ?" ಡಾಕ್ಟರಮ್ಮ ಕೇಳಿದರು.

"ಇದೆ."

"ಸರಿ. ಹುಬ್ಬು ಏರಿಸಿ. ನಿಧಾನ. ಬಲಗಡೆ ಜಾಸ್ತಿ ಎಳೀಬೇಡಿ, ಎಡಗಡೆಗೆ ಕಾಯಿರಿ. ಈಗ ಕೆನ್ನೆ ಉಬ್ಬಿಸಿ. ಗಾಳಿ ಸೋರಿದ್ರೆ ಪರವಾಗಿಲ್ಲ. ಈಗ ಸಣ್ಣಗೆ ನಗಿ. ಹಲ್ಲು ಬೇಡ, ತುಟಿ ಮಾತ್ರ."

ಮಿಸ್ಸು ಕನ್ನಡಿಯನ್ನು ನೋಡಿದಳು. ಇಷ್ಟು ದಿನಗಳ ಮೇಲೆ ತನ್ನ ಮುಖವನ್ನು ಪೂರ್ತಿಯಾಗಿ, ಸರಿಯಾದ ಬೆಳಕಿನಲ್ಲಿ ನೋಡುತ್ತಿದ್ದಳು. ಕಣ್ಣು ತುಂಬಿತು, ಎಡಗಣ್ಣಿನಿಂದ ನೀರು ಕೆನ್ನೆಗೆ ಇಳಿಯಿತು. ಒರೆಸಿಕೊಂಡಳು. ಬಲತುಟಿ ಮೇಲೆ ಹೋಯಿತು. ಎಡತುಟಿಯ ಮೂಲೆಯಲ್ಲಿ ಏನೋ ಅದುರಿತು, ನಿಂತಿತು. ಕನ್ನಡಿ ಅಲ್ಲಾಡುತ್ತಿತ್ತು. 

"ಅಪ್ಪಾ," ಎಂದಳು ಮಿಸ್ಸು. "ಹಿಂದೆ ನಿಂತ್ಕೊಂಡ್ರೆ ನಿಮಗೇನು ಕಾಣುತ್ತೆ? ಅದನ್ನ ಪುಸ್ತಕಗಳಿಗೆ ಒರಗಿಸಿ, ಈ ಕಡೆ ಬನ್ನಿ."

 ಮಾವ ಕನ್ನಡಿಯನ್ನು ಮೇಜಿನ ಮೇಲಿಟ್ಟು ಪುಸ್ತಕಗಳಿಗೆ ಒರಗಿಸಿದರು, ಸುತ್ತಿ ಬಂದು ಮಗಳ ಪಕ್ಕದಲ್ಲಿ ಬಗ್ಗಿ ನಿಂತರು. ಮೊದಲು ಕನ್ನಡಿಯಲ್ಲಿ ನೋಡಿದರು. ಆಮೇಲೆ ತಲೆ ತಿರುಗಿಸಿ ಅವಳನ್ನೇ ನೋಡಿದರು, ಹತ್ತಿರದಿಂದ, ಬಹಳ ಹೊತ್ತು.

"ಮತ್ತೆ ಒಂದು ಸಲ ನಗಿ," ಎಂದರು ಡಾಕ್ಟರಮ್ಮ.

ಮಿಸ್ಸು ನಕ್ಕಳು. ಮಾವ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.